ಉದಯನ ಹೆಸರಿನಲ್ಲಿರುವ ಜೀಪು

ನಾಗಪುರ
17 ನವೆಂಬರ್ 2024

ಪ್ರಿಯ ಉದಯ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಹೇಗೂ ಈ ಕಾಗದಗಳನ್ನು ಕೊರಿಯರ್ ಮಾಡಬೇಕಿತ್ತು, ಜೊತೆಯಲ್ಲಿ ನಾಲ್ಕು ಸಾಲು ಬರೆದು ಹಾಕೋಣ ಎಂದು ಕೂತಿದ್ದೇನೆ. ಕೈಯಲ್ಲಿ ಕನ್ನಡ ಬರೆದು ಎಷ್ಟೋ ವರ್ಷವಾಯಿತು. ಒತ್ತಕ್ಷರ ತಪ್ಪಿದ್ದರೆ ನಿನ್ನ ಬ್ಯಾಂಕಿನ ಬುದ್ಧಿ ತೋರಿಸಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಬೇಡ.

ವಿಷಯ ಇಷ್ಟೇ. ಜೀಪಿನ ನೋಂದಣಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಇಬ್ಬರೂ ಸೇರಿ ಕೊಂಡಾಗ ನಿನಗೆ ಬ್ಯಾಂಕಿನ ಕ್ವಾರ್ಟರ್ಸ್ ಇತ್ತು, ನಾನು ಬಾಡಿಗೆ ಮನೆ ಬದಲಾಯಿಸುತ್ತಾ ಅಲೆಯುತ್ತಿದ್ದೆ, ಹಾಗಾಗಿ ನಿನ್ನ ಹೆಸರಿನಲ್ಲಿ ಮಾಡಿಸಿದೆವು. ಈಗ ನವೀಕರಣಕ್ಕೆ ಮಾಲೀಕನ ಸಹಿ ಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಕಳಿಸು.

ಗಾಡಿ ಚೆನ್ನಾಗಿದೆ. ಅದು ಯಾವತ್ತು ಚೆನ್ನಾಗಿತ್ತು ಎಂದು ಕೇಳಬೇಡ, ಆ ಲೆಕ್ಕದಲ್ಲಿ ಚೆನ್ನಾಗಿದೆ. ಮಿಲಿಟರಿಯವರು ಸಾಕಾಗಿ ಹರಾಜಿಗೆ ಹಾಕಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದವರು ನಾವು. ಹಳೆಯ ಗಾಡಿ ಕೊಳ್ಳುವ ದಿನ ಮಾತ್ರ ಅಗ್ಗ ಎಂದು ಆಗ ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೂ ನಾವು ಕೇಳುತ್ತಿರಲಿಲ್ಲ.

ಶೀತಲ್ ಹೇಗಿದ್ದಾರೆ? ಕಾಲು ಹೇಗಿದೆ?

ನಿನ್ನ
ಜಯಂತ


ಬಾಗಲಕೋಟೆ
9 ಡಿಸೆಂಬರ್ 2024

ಜಯಂತ,

ಕಾಗದಗಳು ಮುಟ್ಟಿದವು. ಪೂರ್ತಿ ಓದದೆ ಸಹಿ ಮಾಡುವುದಿಲ್ಲ, ನನ್ನ ಅಭ್ಯಾಸ ನಿನಗೆ ಗೊತ್ತು. ಓದಲು ಇನ್ನೂ ಪುರುಸೊತ್ತು ಆಗಿಲ್ಲ.

ಕಾಲು ಇದೆ. ಮೊಣಕಾಲು ಮಡಚುವುದಿಲ್ಲ. ಬ್ಯಾಂಕಿನಲ್ಲಿ ಟೇಬಲ್ಲಿನ ಕೆಳಗೆ ಉದ್ದಕ್ಕೆ ಚಾಚಿಕೊಂಡು ಕೂತಿರುತ್ತೇನೆ, ಪಾಸ್‌ಬುಕ್ಕು ಹಿಡಿದು ಬರುವ ಜನ ಎಡವುತ್ತಾರೆ. ಎಡವಿದವರು ಮೊದಲು ಸಿಡುಕುತ್ತಾರೆ, ಆಮೇಲೆ ನೋಡಿ ಕ್ಷಮೆ ಕೇಳುತ್ತಾರೆ. ಸಿಡುಕುವುದೇ ಎಷ್ಟೋ ವಾಸಿ.

ನಿನ್ನ ಲಕೋಟೆಯನ್ನು ಶೀತಲ್ ಒಡೆಯದೆ ಟಿವಿಯ ಮೇಲೆ ಇಟ್ಟಿದ್ದಳು. "ನಾಗಪುರದಾವ್ರ ಕಾಗದ ಬಂದೈತಿ" ಎಂದಳು. ನಿನ್ನ ಹೆಸರು ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ಒಂದು ಕೇಳುತ್ತೇನೆ. ಆ ಗಾಡಿ ಈಗಲೂ ಬೇಕೇ ನಿನಗೆ? ಅದನ್ನು ತೆಗೆದುಕೊಂಡು ಬೆಟ್ಟ ಹಳ್ಳ ಹತ್ತಿ ಇಳಿಯುವ ಹುರುಪು ನಿನಗೆ ಇನ್ನೂ ಇದ್ದರೆ ಭಾಗ್ಯವಂತ ಎನ್ನಬೇಕು.

ಇಲ್ಲಿ ಎಲ್ಲಾ ಆರಾಮ.

ಉದಯ


ನಾಗಪುರ
22 ಡಿಸೆಂಬರ್ 2024

ಪ್ರಿಯ ಉದಯ್,

ಹುರುಪಿನ ಮಾತು ಆಡಿದೆಯಲ್ಲ, ನನ್ನ ಹುರುಪು ಎಷ್ಟಿದೆ ಹೇಳುತ್ತೇನೆ ಕೇಳು.

ವಾರವಿಡೀ ಬುಟಿಬೋರಿ. ಫ್ಯಾಕ್ಟರಿಯಲ್ಲಿ ಕೆಟ್ಟು ನಿಂತ ಮಿಷನ್ನುಗಳ ರಿಪೇರಿ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಾ ಮನೆ. ಭಾನುವಾರ ಬಂದರೆ ಜನ ಮಲಗುತ್ತಾರೆ, ನಾನು ಜೀಪು ತೆಗೆದುಕೊಂಡು ಮಹಾಲ್‌ಗೆ ಹೋಗುತ್ತೇನೆ. ಖೋಬ್ರಾಗಡೆಯ ಗ್ಯಾರೇಜು ನೀನು ನೋಡಿದ್ದೇ. ಆ ಗಲ್ಲಿಗೆ ನಮ್ಮ ಜೀಪು ನುಗ್ಗಬೇಕೆಂದರೆ ನಿಂತ ಸ್ಕೂಟರುಗಳನ್ನೆಲ್ಲ ಎತ್ತಿ ಇಡಬೇಕು. ಎತ್ತುವವರು ನನ್ನ ವಂಶವನ್ನೆಲ್ಲ ನೆನೆಯುತ್ತಾ ಎತ್ತುತ್ತಾರೆ. ಹೋದ ತಿಂಗಳು ಹಿಂದಿನ ಶಾಫ್ಟಿನ ಕ್ರಾಸ್ ಎನ್ನುವ ಕೀಲು ಬದಲಾಯಿಸಿದೆವು. ಅದು ಮುಗಿಯುವಷ್ಟರಲ್ಲಿ ರೇಡಿಯೇಟರ್ ಸೋರಿತು. ಅದಕ್ಕೆ ಬೆಸುಗೆ ಹಾಕಿಸಿದರೆ ಕಾಲ ಕೆಳಗಿನ ತಗಡು ತುಕ್ಕು ಹಿಡಿದು ರಸ್ತೆ ಕಾಣುತ್ತಿದೆ. ಖೋಬ್ರಾಗಡೆ ಕೈ ಒರೆಸಿಕೊಂಡು, "ಕಾಯ್ಕೋ ಪರೇಶಾನ್ ಹೋರೇ ಭಾವು, ಛೋಡ್ ದೋ ನಾ" ಎನ್ನುತ್ತಾನೆ. ಬಿಟ್ಟುಬಿಡಿ ಎನ್ನುವುದು ಅವನಿಗೆ ಸುಲಭ.

ಬೆಟ್ಟ ಹಳ್ಳ ಎಂದೆಯಲ್ಲ, ನಿನ್ನ ಕಾಲಿಗೆ ಹಾಗಾದ ಮೇಲೆ ಗಾಡಿಯನ್ನು ನಾನು ಡಾಂಬರು ಬಿಟ್ಟು ಇಳಿಸಿಲ್ಲ. ಮುಂದಿನ ಚಕ್ರಗಳಿಗೂ ಎಳೆತ ಸಿಗಲೆಂದು ಇಳಿದು ಕೈಯಲ್ಲಿ ತಿರುಗಿಸುತ್ತಿದ್ದೆವಲ್ಲ, ಚಕ್ರದ ನಡುವಿನ ಆ ಹಬ್ಬುಗಳನ್ನು ಅವತ್ತಿನಿಂದ ತಿರುಗಿಸಿಲ್ಲ. ಜಾಮ್ ಆಗಬಾರದೆಂದು ಗ್ರೀಸ್ ಮಾತ್ರ ಹಾಕುತ್ತೇನೆ. "ಎಲ್ಲಿಗೂ ಹೋಗದ ಗಾಡಿಗೆ ಯಾಕ್ರೀ ಇಷ್ಟು ಉಪಚಾರ?" ಎಂದು ರಚನಾ ಕೇಳುತ್ತಾಳೆ. ಮೊದಲು ಜಗಳವಾಡುತ್ತಿದ್ದಳು, ಈಗ ಕೇಳಿ ಸುಮ್ಮನಾಗುತ್ತಾಳೆ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕೆಲಸ ಮಾಡಿಸುತ್ತಿದ್ದೇನೆ. ಮುಗಿದ ಮೇಲೆ ಹೇಳುತ್ತೇನೆ.

ಸುತ್ತಿ ಬಳಸಿ ಮಾತಾಡಿ ಸಾಕಾಗಿದೆ, ನೇರವಾಗಿ ಕೇಳಿಬಿಡುತ್ತೇನೆ. ನಿನಗೆ ನನ್ನ ಮೇಲೆ ಸಿಟ್ಟಿದೆಯೇ? ಉಮ್ರೇಡ್ ಕಡೆಯ ಆ ಒಣ ಹಳ್ಳದಲ್ಲಿ ಗಾಡಿ ಸಿಕ್ಕಿಕೊಂಡಿತು. ನೀನು ಇಳಿದು ಮುಂದೆ ನಿಂತು ದಾರಿ ಹೇಳುತ್ತಿದ್ದೆ. ಚಕ್ರದ ಕೆಳಗೆ ಕಲ್ಲು ಕೊಟ್ಟೆ. ನೀನೇ ಹೋಗು ಎಂದೆ. ನಾನು ಕ್ಲಚ್ ಬಿಟ್ಟೆ. ಗಾಡಿ ಪಕ್ಕಕ್ಕೆ ಜಾರಿ ನಿನ್ನನ್ನು ಬಂಡೆಗೆ ಒತ್ತುತ್ತದೆಂದು ನನಗೆ ಹೇಗೆ ಗೊತ್ತಿರಬೇಕು? ಆಸ್ಪತ್ರೆಯಲ್ಲಿ ಶೀತಲ್ ಕೇಳಿದಾಗಲೂ ಇದನ್ನೇ ಹೇಳಿದೆ, ಅವನೇ ಹೋಗು ಅಂದ, ನಾನು ಹೋದೆ ಅಂತ. ಒಂದು ತಿಂಗಳು ಕಳೆದ ಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು. ನೀನೂ ವರ್ಗ ಮಾಡಿಸಿಕೊಂಡು ಹೊರಟುಹೋದೆ. ನನ್ನಿಂದ ಆದದ್ದು ಹೌದು. ಆದರೆ ನಾನು ಬೇಕೆಂದು ಮಾಡಿದೆನೇ?

ಬಾಯಿ ಬಿಟ್ಟು ಬೈದರೂ ಪರವಾಗಿಲ್ಲ, ಬರೆ.

ನಿನ್ನ
ಜಯಂತ


ಬಾಗಲಕೋಟೆ
20 ಜನವರಿ 2025

ಜಯಂತ,

ಕೇಳಿದ್ದೀ, ಹೇಳುತ್ತೇನೆ.

ನಾನು "ಹೋಗು" ಎನ್ನಲಿಲ್ಲ. ನಿನ್ನ ಫೋನ್ ಎತ್ತದೆ ಇರುವುದು ಈ ಒಂದು ಮಾತಿಗೆ. ಕಾಲಿಗಲ್ಲ.

ಕಾಲು ಹೋದದ್ದು ಹೋಯಿತು. ನಿನಗೆ ಗಮನ ತಪ್ಪಿತು ಎಂದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ, ಯಾರಿಗೆ ತಪ್ಪುವುದಿಲ್ಲ? ಆದರೆ ನಾನು ಆಪರೇಷನ್ ಕೋಣೆಯೊಳಗೆ ಇದ್ದಾಗ ನೀನು ಹೊರಗೆ ನಿಂತು ನನ್ನ ಹೆಂಡತಿಗೆ, ನನ್ನ ಬಾಯಲ್ಲಿ ಬರದ ಮಾತನ್ನು ನನ್ನದೆಂದು ಹೇಳಿದೆ. ತಪ್ಪು ನನ್ನ ಮೇಲೆಯೇ ಬರುವ ಹಾಗೆ ಹೇಳಿದೆ. ಅವಳು ಆ ಹೊತ್ತಿನಲ್ಲಿ ನನ್ನನ್ನೇ ಬೈದಳು. "ನೀವ ಹೋಗು ಅಂದ್ರಂತ, ಏನ ತಲಿ ಐತೇನ್ರೀ ನಿಮಗ?" ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ಅತ್ತಳು. ನಾನು ಹಾಗೆ ಅಂದಿಲ್ಲ ಎಂದು ನಂಬಿಸಲು ನನಗೆ ತಿಂಗಳು ಹಿಡಿಯಿತು.

ಅವತ್ತು ಏನಾಯಿತು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಬಂಪರಿನ ಮುಂದೆಯೇ ಇದ್ದೆ. ಎರಡೂ ಕೈಯಲ್ಲಿ ದೊಡ್ಡ ಕಲ್ಲು, ಅದಕ್ಕೇ ಸನ್ನೆ ಮಾಡಲು ಆಗಲಿಲ್ಲ. ಮೊದಲು ಇಟ್ಟ ಕಲ್ಲು ಟೈರಿನ ಕೆಳಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ನೋಡಿ "ಚಲೋ ಕುಂತೈತಿ" ಎಂದೆ. ಎಂದವನು ಎರಡನೆಯದನ್ನು ಇಡಲು ಬಗ್ಗಿದೆ. ನೀನು ಗಾಡಿ ಮುಂದಕ್ಕೆ ಹೊರಡಿಸಿಬಿಟ್ಟೆ.

ಬಂಪರಿನ ಮುಂದೆ ಬಗ್ಗಿ ನಿಂತು ಹೋಗು ಎನ್ನಲು ನನಗೆ ಹುಚ್ಚು ಹಿಡಿದಿತ್ತೇ? ಒಂದು ಸಲ ಯೋಚನೆ ಮಾಡು.

ಕಾಗದಗಳು ಇಲ್ಲೇ ಇವೆ. ಸಹಿ ಮಾಡಿಲ್ಲ.

ಉದಯ


ನಾಗಪುರ
26 ಜನವರಿ 2025

ಉದಯ್,

ನಿನ್ನ ಕಾಗದ ನಿನ್ನೆ ಬಂತು. ಓದಿದೆ. ಸಿಟ್ಟು ಬಂತು. ಮತ್ತೆ ಓದಿದೆ, ಇನ್ನೂ ಜಾಸ್ತಿ ಬಂತು. ಗಂಡಸಿನ ಹಾಗೆ ಬಾಯಿ ಬಿಟ್ಟು ಹೋಗು ಎಂದವನು ಈಗ ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡು ಕಾಗದವನ್ನು ಊಟದ ಟೇಬಲ್ಲಿನ ಮೇಲೆ ಎಸೆದು ಹೋದೆ.

ನನ್ನ ಮಗಳು ಸಂಹಿತಾ ಅದನ್ನು ಎತ್ತಿಕೊಂಡಳು. ಅವಳ ಕನ್ನಡ ನಿನಗೆ ಗೊತ್ತಲ್ಲ. ನೀನೇ ಕೂರಿಸಿಕೊಂಡು ಅಕ್ಷರ ಕಲಿಸಿದ್ದು, ಅದರಾಚೆ ಹೋಗಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದಳು. ನಿನ್ನ ಆ ಸಾಲಿಗೆ ಬಂದು ನಿಂತಳು. "ಪಪ್ಪಾ, ಅಂಕಲ್ ನೇ ತೋ ಚಲೋ ಬೋಲಾ ಥಾ. ಚಲೋ ಬೋಲೇ ತೋ ಜಾನಾ ಹೀ ಥಾ ನಾ? ಫಿರ್ ಝಗಡಾ ಕಾಯ್ಕಾ?"

ಅಂಕಲ್ಲೇ ಚಲೋ ಅಂದಿದ್ದರಲ್ಲ, ಅಂದ ಮೇಲೆ ಹೋಗಲೇಬೇಕಲ್ಲ, ಜಗಳ ಯಾಕೆ ಎನ್ನುತ್ತಾಳೆ. ನಾನು ವಾಪಸ್ ಬಂದು ಆ ಸಾಲನ್ನು ನಾನೇ ಓದಿದೆ, ಉದಯ್.

ನಮ್ಮ ಮೈಸೂರು ಕಡೆ ಯಾರೂ ಚಲೋ ಎನ್ನುವುದಿಲ್ಲ. ನಿನ್ನ ಬಾಯಲ್ಲಿ ದಿನಾ ಕೇಳುತ್ತಿದ್ದೆ. ಚಾ ಚಲೋ ಐತಿ, ಸಿನಿಮಾ ಚಲೋ ಇತ್ತು. ಮನೆಯಲ್ಲಿ ಕೂತು ಕೇಳಿದರೆ ನನಗೆ ಅದು ನಿನ್ನ ಕಡೆಯ "ಚೆನ್ನಾಗಿದೆ". ಆದರೆ ಗಾಡಿ ಹತ್ತಿದ ಮೇಲೆ? ಪ್ರತಿ ಸಲ ಬೇರೆ ಗಾಡಿಗಳವರು, ಈ ಊರಿನವರು ಜೊತೆಗಿರುತ್ತಿದ್ದರು. ದಾರಿ ಹೇಳುವುದೆಲ್ಲ ಹಿಂದಿಯಲ್ಲಿ. ಆನೇ ದೋ ಎಂದರೆ ಬರಲಿ, ಬಸ್ ಎಂದರೆ ಸಾಕು, ಚಲೋ ಎಂದರೆ ಹೋಗು. ನೀನೂ ಹಾಗೇ ಹೇಳುತ್ತಿದ್ದೆ. ಸ್ಟಿಯರಿಂಗ್ ಹಿಡಿದರೆ ನನ್ನ ಕಿವಿ ಹಿಂದಿಯದಾಗುತ್ತಿತ್ತು. ಅವತ್ತು ಬೇರೆ ಗಾಡಿ ಇರಲಿಲ್ಲ, ನಾವಿಬ್ಬರೇ. ನಾವಿಬ್ಬರೇ ಇದ್ದೇವೆಂದು ನೀನು ಕನ್ನಡದಲ್ಲಿ ಮಾತಾಡಿದೆ. ಇಂಜಿನ್ನಿನ ಸದ್ದಿನಲ್ಲಿ ನನಗೆ ಮೊದಲ ಪದ ಕೇಳಿತು. ಕುಂತದ್ದೋ ನಿಂತದ್ದೋ ಕೇಳಲಿಲ್ಲ.

ಆಮೇಲೆ ಶೀತಲ್ ಕನ್ನಡದಲ್ಲಿ ಕೇಳಿದರು. ನಾನು ಕನ್ನಡ ಮಾಡಿ ಹೇಳಿದೆ, ಅವನೇ ಹೋಗು ಅಂದ. ನನ್ನ ಮಟ್ಟಿಗೆ ಅದು ನಿಜ. ನಿನ್ನ ಮಟ್ಟಿಗೆ ನೀನು ಹೇಳುವುದೂ ನಿಜ.

ಇಷ್ಟು ದಿನ ನಿನ್ನ ಮೇಲೂ ಒಂದಿಷ್ಟು ಸಿಟ್ಟು ಇಟ್ಟುಕೊಂಡು ಓಡಾಡುತ್ತಿದ್ದೆ, ಅದು ಊರುಗೋಲಿನ ಹಾಗೆ ಇತ್ತು. ಈಗ ಅದೂ ಇಲ್ಲ. ಸುಸ್ತಾಗಿದೆ.

ಶೀತಲ್ ಅವರಿಗೆ ಇದನ್ನು ಓದಿ ಹೇಳು. ದಯವಿಟ್ಟು.

ಜಯಂತ


ಬಾಗಲಕೋಟೆ
12 ಫೆಬ್ರವರಿ 2025

ಪ್ರಿಯ ಜಯಂತ,

ಓದಿ ಹೇಳಿದೆ. ಶೀತಲ್ ಜೋಳದ ಹಿಟ್ಟು ನಾದುತ್ತಿದ್ದಳು. ಕೇಳಿದಳು. "ಹಂಗಾರ ಯಾರ ಮ್ಯಾಲೂ ತಪ್ಪಿಲ್ಲೇನ್ರೀ?" ಎಂದಳು. ಇಲ್ಲ ಎಂದೆ. "ಒಂದ ಮಾತಿಗೆ ಇಷ್ಟ ದಿನ ಅವ್ರನ್ನ ಬೈದ್ನೆಲ್ರೀ" ಎಂದು ಮೊಣಕೈಯಲ್ಲಿ ಕಣ್ಣು ಒರೆಸಿಕೊಂಡಳು. ರೊಟ್ಟಿ ಬಡಿದಳು.

ನನಗೆ ಮೊದಲು ನಗು ಬಂತು. ಆಮೇಲೆ ಎದೆಯ ಮೇಲಿಂದ ಏನೋ ಇಳಿಸಿದ ಹಾಗಾಯಿತು. ನೀನು ಸುಳ್ಳು ಹೇಳಿಲ್ಲ ಎನ್ನುವುದು ಇಷ್ಟು ಬೇಕಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಮೊಣಕಾಲಿಗೆ ಮಾತ್ರ ಹಿಂದಿಯೂ ಬರುವುದಿಲ್ಲ ಕನ್ನಡವೂ ಬರುವುದಿಲ್ಲ, ಅದು ಇದ್ದ ಹಾಗೇ ಇದೆ.

ಇನ್ನು ಸಹಿಯ ವಿಷಯ. ಸಿಟ್ಟು ಇಳಿದ ಮೇಲೆ ನಿಜ ಹೇಳಬಹುದು. ನನಗೆ ಆ ಗಾಡಿ ಬೇಡ. ಆಸ್ಪತ್ರೆಯಲ್ಲಿ ಇದ್ದಾಗಲೇ ಬೇಡವಾಗಿತ್ತು. ನಿನಗೆ ಅದೆಂದರೆ ಪ್ರಾಣ, ಅದಕ್ಕೇ ಹೇಳಲಿಲ್ಲ. ನಿನಗೆ ಬೇಕಿದ್ದರೆ ಇವತ್ತೇ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ಮನಸ್ಸಿನಿಂದ ಹೇಳುತ್ತಿದ್ದೇನೆ. ಬೇಡವಿದ್ದರೆ ಗುಜರಿಗೆ ಹಾಕೋಣ. ತುಕ್ಕು ಹಿಡಿದ ಗಾಡಿಯನ್ನು ಇನ್ನೊಬ್ಬನಿಗೆ ಮಾರಿ ಅವನ ಕಾಲಿಗೆ ಕುತ್ತು ತರುವುದು ಬೇಡ.

ಡ್ಯಾಶ್ ಕೆಳಗೆ ಏನೋ ಮಾಡಿಸುತ್ತಿದ್ದೇನೆ ಎಂದಿದ್ದೆ. ಅದೇನು?

ಉದಯ


ನಾಗಪುರ
2 ಮಾರ್ಚ್ 2025

ಪ್ರಿಯ ಉದಯ್,

ಉತ್ತರ ತಡವಾಯಿತು. ಶಿಫ್ಟು ಬದಲಾಗಿದೆ, ನಿದ್ದೆ ಸರಿಯಿಲ್ಲ, ಇನ್ನೇನು ನೆಪ ಬೇಕೋ ಹಾಕಿಕೋ.

ಗುಜರಿಗೇ ಹಾಕೋಣ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ. ನಿನಗೆ ಬೇಕೆಂದು ನಾನು ಇಟ್ಟುಕೊಂಡಿದ್ದೆ, ನನಗೆ ಬೇಕೆಂದು ನೀನು ಸುಮ್ಮನಿದ್ದೆ. ಇಬ್ಬರಿಗೂ ಬೇಡವಾದ ಗಾಡಿಗೆ ಡಬ್ಬಗಟ್ಟಲೆ ಗ್ರೀಸ್ ಹಾಕಿದೆ, ಒಳ್ಳೆ ಸಂಸಾರ. ರಚನಾಳಿಗೆ ಹೇಳಿದರೆ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು "ಉದಯ್‌ಗೆ ಎಲ್ಲಾ ಹೇಳಿದಿರಾ?" ಎಂದು ಕೇಳಿ ಒಳಗೆ ಹೋದಳು. ಖೋಬ್ರಾಗಡೆಗೆ ಹೇಳಿದೆ. ಇಷ್ಟು ದಿನ ಬಿಟ್ಟುಬಿಡಿ ಎನ್ನುತ್ತಿದ್ದವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಇತ್ನಾ ಸಬ್ ಕರ್ ಕೇ?" ಎಂದ, ಇಷ್ಟೆಲ್ಲ ಮಾಡಿದ ಮೇಲಾ ಎಂದು. ಆಮೇಲೆ ಚಹಾ ಕುಡಿಯಲು ಹೋದ.

ಡ್ಯಾಶ್ ಕೆಳಗಿನದು ಅಂಥದ್ದೇನಲ್ಲ. ವೈರಿಂಗ್. ಬಿಡು.

ಮಾಲೀಕನೇ ಬಂದು ಒಪ್ಪಿಸಿದರೆ ಕೆಲಸ ಬೇಗ ಆಗುತ್ತದೆ ಎನ್ನುತ್ತಾರೆ. ಬರುತ್ತೀಯಾ? ರೈಲಿನಲ್ಲಿ ಕೆಳಗಿನ ಬರ್ತ್ ಸಿಗದಿದ್ದರೆ ಬರಬೇಡ, ನಾನೇ ಹೇಗೋ ಮಾಡಿಕೊಳ್ಳುತ್ತೇನೆ. ಬಂದರೆ ನಮ್ಮ ಮನೆಯಲ್ಲೇ ಇರಬೇಕು.

ನಿನ್ನ
ಜಯಂತ


ಬಾಗಲಕೋಟೆ
30 ಮಾರ್ಚ್ 2025

ಪ್ರಿಯ ಜಯಂತ,

ಆರಾಮಾಗಿ ಮನೆ ಮುಟ್ಟಿದೆ. ಇವತ್ತು ಯುಗಾದಿ. "ಜಯಂತಣ್ಣಗ ಹಬ್ಬದ ನಮಸ್ಕಾರ ಬರೀರಿ" ಎಂದು ಶೀತಲ್ ಒಳಗಿನಿಂದ ಕೂಗುತ್ತಿದ್ದಾಳೆ. ಬರೆದಿದ್ದೇನೆ.

ನಿಮ್ಮ ಮನೆಯಲ್ಲಿ ಇದ್ದಷ್ಟು ಹೊತ್ತೂ ನಾವು ಏನೂ ಮಾತಾಡಲಿಲ್ಲ. ಆರ್‌ಟಿಒ ಕಚೇರಿಯ ಬೆಂಚಿನ ಮೇಲೆ ಕೂತು ಬಿಸಿಲಿನ ಬಗ್ಗೆ ಹೇಳಿಕೊಂಡೆವು, ಸಂತ್ರಾ ಹಣ್ಣು ಸುಲಿದು ತಿಂದೆವು. ಸ್ಟೇಷನ್ನಿನಲ್ಲಿ ನೀನು ನನ್ನ ಚೀಲ ಬರ್ತಿನ ಕೆಳಗೆ ತಳ್ಳಿ ಇಳಿದು ಹೋದೆ. ಅಲ್ಲಿ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನೀನು ಜೀಪನ್ನು ಗುಜರಿಗೆ ತಂದು ನಿಲ್ಲಿಸಿದಾಗ ಬೆನ್ನಿಗೆ ದಿಂಬುಗಳನ್ನು ಒತ್ತಿಕೊಂಡು ಕೂತಿದ್ದೆ. ಯಾಕೆ ಎಂದರೆ ಬೆನ್ನುನೋವು ಎಂದೆ. ನೀನು ನನ್ನ ಆಧಾರ್ ಝೆರಾಕ್ಸ್ ಮಾಡಿಸಲು ಹೋದಾಗ ನಾನು ಗಾಡಿಯ ಹತ್ತಿರ ಒಬ್ಬನೇ ನಿಂತಿದ್ದೆ. ಕೊನೆಯ ಸಲ ಕೂತು ನೋಡೋಣ ಎನಿಸಿತು. ದಿಂಬು ತೆಗೆದಿಟ್ಟು ಹತ್ತಿದೆ. ಕಾಲು ಮಡಚದೆ ಹತ್ತಲು ಆಯಿತು, ಅದೇ ನನಗೆ ಆಶ್ಚರ್ಯ. ಕೂತ ಮೇಲೆ ತಿಳಿಯಿತು. ಸೀಟನ್ನು ಹಿಂದಕ್ಕೆ ಸರಿಸಿ ಬೆಸುಗೆ ಹಾಕಿಸಿದ್ದೀ. ಡ್ಯಾಶಿನ ಕೆಳಗಿನ ತಗಡು ಕತ್ತರಿಸಿ, ಚರ್ಮಕ್ಕೆ ತಾಗದ ಹಾಗೆ ಅಂಚು ಮಡಚಿಸಿದ್ದೀ. ನನ್ನ ಮಡಚದ ಎಡಗಾಲು ಹಾಸಿಗೆಯ ಮೇಲೆ ಇಟ್ಟ ಹಾಗೆ ಉದ್ದಕ್ಕೆ ಚಾಚಿಕೊಂಡಿತು. ಗೇರಿನ ಕೋಲಿಗೆ ಒಂದು ಸಣ್ಣ ಹಿಡಿ, ಅದರಿಂದ ಕ್ಲಚ್ಚಿಗೆ ತಂತಿ. ಕಾಲೇ ಬೇಡ, ಕೈಯಲ್ಲಿ ಕ್ಲಚ್. ನಿನ್ನಂಥ ಗಿಡ್ಡನಿಗೆ ಆ ಸೀಟಿನಿಂದ ಬ್ರೇಕು ಮುಟ್ಟುವುದಿಲ್ಲ, ಅದಕ್ಕೇ ದಿಂಬು. ನೀನು ಓಡಿಸಲಾಗದ ಗಾಡಿಯನ್ನು ನೀನೇ ಮಾಡಿಸಿಟ್ಟಿದ್ದೆ.

ನೀನು ಝೆರಾಕ್ಸ್ ಹಿಡಿದು ಬರುವಷ್ಟರಲ್ಲಿ ನಾನು ಇಳಿದಿದ್ದೆ. ನೋಡಿದೆ ಎನ್ನಲಿಲ್ಲ. ಗುಜರಿಯವರು ಗ್ಯಾಸ್ ಹಚ್ಚಿ, ಆರ್‌ಟಿಒಗೆ ಕೊಡಲು ಚಾಸಿಯಲ್ಲಿ ನಂಬರು ಇದ್ದ ತುಂಡನ್ನು ಕತ್ತರಿಸುವಾಗ ನೀನು ಬೇರೆ ಕಡೆ ನೋಡುತ್ತಾ ನಿಂತಿದ್ದೆ. ಬೇಡ ನಿಲ್ಲಿಸಿ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನೀನು ಆ ಮಾತಿಗೆ ಕಾಯುತ್ತಿದ್ದೆಯೇನೋ. ನಾನು ಹೇಳಲಿಲ್ಲ.

ಯಾಕೆಂದರೆ ನಾನು ಗಾಡಿ ಓಡಿಸುವುದನ್ನು ಬಿಟ್ಟದ್ದು ಕ್ಲಚ್ ಒತ್ತಲು ಆಗುವುದಿಲ್ಲ ಎಂದಲ್ಲ. ನನಗೆ ಹೆದರಿಕೆ, ಜಯಂತ. ಆಟೋ ಹಿಂದಕ್ಕೆ ಸರಿದರೂ ಗೋಡೆಗೆ ಅಂಟಿ ನಿಲ್ಲುತ್ತೇನೆ. ಬಂದಾಗಿ ನಿಂತ ಜೀಪಿನಲ್ಲಿ ಕೂತಾಗಲೂ ಬೆವರಿ ಅಂಗಿ ಒದ್ದೆಯಾಯಿತು. ಇದನ್ನು ಶೀತಲ್‌ಗೂ ಹೇಳಿಲ್ಲ. ಸಿಟ್ಟು ಎಂದರೆ ಗಂಡಸಿಗೆ ಮರ್ಯಾದೆ ಇರುತ್ತದೆ, ಹೆದರಿಕೆ ಎಂದರೆ ಇರುವುದಿಲ್ಲ ಎಂದುಕೊಂಡಿದ್ದೆ.

ಆ ಹಿಡಿಯನ್ನು ಎಳೆದು ನೋಡಿದೆ. ಬಹಳ ಹಗುರ. ಖೋಬ್ರಾಗಡೆಗೆ ನೀನು ಎಷ್ಟು ಸಲ ಬಿಚ್ಚಿಸಿ ಮತ್ತೆ ಕಟ್ಟಿಸಿದ್ದೀಯೋ, ಆ ಗಲ್ಲಿಯವರ ಬಾಯಲ್ಲಿ ಎಷ್ಟು ಬೈಗುಳ ತಿಂದಿದ್ದೀಯೋ. ಅಷ್ಟೂ ನನಗೆ ಬೇಡವಾದದ್ದಕ್ಕೆ. ಇದನ್ನು ನಿನ್ನ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಹೇಳದೆಯೂ ಇರಬಹುದಿತ್ತು. ಆದರೆ ಹೇಳದಿದ್ದರೆ ನೀನು ನನಗಾಗಿ ಇನ್ನೇನನ್ನಾದರೂ ಕಟ್ಟಲು ಶುರು ಮಾಡುತ್ತೀ, ನಿನ್ನನ್ನು ಬಲ್ಲೆ.

ನನ್ನ ಕಾಲು ಹೀಗೇ ಇರುತ್ತದೆ. ಅದು ನಿನ್ನ ರಿಪೇರಿಗೆ ಬಂದ ಸಾಮಾನಲ್ಲ. ನನಗಾಗಿ ನೀನು ಮಾಡಬೇಕಾದದ್ದು ಇನ್ನೇನೂ ಉಳಿದಿಲ್ಲ.

ಬರುವ ಭಾನುವಾರ ಏಳಬೇಡ. ಮಲಗು.

ನಿನ್ನ
ಉದಯ